ಮಂಡಿ ಕೆಳಗೆ ಕಾಲು ತೆಗೆದ ಮೇಲೆ: ಮಂಡಿ ಮಡಚಿಕೊಳ್ಳದಂತೆ ಕಾಯುವುದು ಹೇಗೆ

ರಕ್ತ ಓಡದೆ ಕಾಲು ಕಪ್ಪಗಾಗಿ, ಬೈಪಾಸ್‌ಗಾಗಲಿ ಸ್ಟೆಂಟ್‌ಗಾಗಲಿ ಅವಕಾಶವಿಲ್ಲ ಎಂದಾದ ಮೇಲೂ ಸರ್ಜನ್‌ಗಳು ಮಂಡಿಯನ್ನಾದರೂ ಉಳಿಸಲು ನೋಡುತ್ತಾರೆ. ಮಂಡಿಯಿದ್ದರೆ ಕೃತಕ ಕಾಲಿನ ನಡಿಗೆಗೆ ಆಯಾಸ ಬಹಳ ಕಡಿಮೆ. ಸಾಮಾನ್ಯವಾಗಿ ಮಂಡಿಯಿಂದ 12–15 ಸೆಂ.ಮೀ. ಕೆಳಗೆ ಎಲುಬು ಕತ್ತರಿಸಿ, ಮೀನಖಂಡದ ಮಾಂಸವನ್ನು ಉದ್ದಕ್ಕೆ ಉಳಿಸಿಕೊಂಡು ಮುಂದಕ್ಕೆ ಮಡಚಿ ಹೊಲಿಯುತ್ತಾರೆ. ಮುಂಬದಿಯ ಚರ್ಮಕ್ಕಿಂತ ಅಲ್ಲಿ ರಕ್ತ ಚೆನ್ನಾಗಿ ಬರುತ್ತದೆ.

ಇಷ್ಟು ಕಷ್ಟಪಟ್ಟು ಉಳಿಸಿದ ಮಂಡಿಯನ್ನು ಮನೆಯವರು ಪ್ರೀತಿಯಿಂದಲೇ ಕೆಡಿಸುವುದುಂಟು: ನೋವೆಂದು ಅದರ ಕೆಳಗೆ ದಿಂಬಿಡುತ್ತಾರೆ. ಮಡಚಿಟ್ಟ ಮಂಡಿ ಕೆಲವೇ ವಾರಗಳಲ್ಲಿ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ದಿಂಬು ಬೇಡ. ವೀಲ್‌ಚೇರಿನಲ್ಲಿ ಕೂತಾಗ ಮೊಂಡುಗಾಲು ಜೋತುಬೀಳದಂತೆ ಅದರ ಕೆಳಗೆ ಹಲಗೆ ಕೊಟ್ಟು ನೇರವಾಗಿಡಿ. ಡಾಕ್ಟರ್ ಒಪ್ಪಿದ ಮೇಲೆ ದಿನಕ್ಕೆ ಎರಡು ಮೂರು ಸಲ, 20 ನಿಮಿಷ ಬೋರಲು ಮಲಗಿಸಿ. ಉಸಿರಾಟದ ತೊಂದರೆಯಿದ್ದವರು ಚಪ್ಪಟೆಯಾಗಿ ಅಂಗಾತ ಮಲಗಿದರೂ ಸಾಕು. ಅಂಗಾತ ಮಲಗಿ ಹಾಸಿಗೆಗೆ ಮಂಡಿಯನ್ನು ಒತ್ತಿ 5 ಸೆಕೆಂಡ್ ಹಿಡಿದು ಬಿಡುವುದು, ಹೀಗೆ 10 ಸಲ.

ಮೊಂಡುಗಾಲಿಗೆ ಕ್ರೇಪ್ ಬ್ಯಾಂಡೇಜನ್ನು (ಎಳೆದರೆ ಹಿಗ್ಗುವ ಬಟ್ಟೆಪಟ್ಟಿ) ಸರ್ಜನ್ ಹೇಳಿದ ಮೇಲಷ್ಟೇ ಕಟ್ಟಬೇಕು. ಬಳೆಯಂತೆ ಸುತ್ತಿದರೆ ರಕ್ತ ಕಟ್ಟಿ ತುದಿ ಊದುತ್ತದೆ. ಓರೆಯಾಗಿ, ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿ. ತುದಿಯಲ್ಲಿ ತುಸು ಬಿಗಿ, ಮೇಲೆ ಹೋದಂತೆ ಸಡಿಲ. ನಾಲ್ಕಾರು ಗಂಟೆಗೊಮ್ಮೆ ಬಿಚ್ಚಿ ಚರ್ಮ ನೋಡಿ ಮತ್ತೆ ಕಟ್ಟಿ. ಮೊದಲೇ ರಕ್ತ ಕಡಿಮೆಯಿರುವ ಚರ್ಮ. ನೋವು ಹೆಚ್ಚಾದರೆ, ಮರಗಟ್ಟಿದರೆ, ನೀಲಿಯಾದರೆ ತಕ್ಷಣ ಬಿಚ್ಚಿ.

ಹೊಲಿಗೆ ಬಿಚ್ಚಲು ಮೂರು ವಾರವೋ ಹೆಚ್ಚೋ ಆಗಬಹುದು, ಅವಸರಪಡಿಸಬೇಡಿ. ಅಂಚು ಕಪ್ಪಗಾದರೆ, ಕೀವು, ವಾಸನೆ, ಜ್ವರ ಕಂಡರೆ ಅಂದೇ ತೋರಿಸಿ.

ಇನ್ನೊಂದು ಕಾಲಿನ ರಕ್ತನಾಳಗಳಲ್ಲೂ ಇದೇ ಕಾಯಿಲೆ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಮಾತ್ರ ದಿಂಬು ಬೇಕು: ಮೀನಖಂಡದಡಿ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿರಿ, ಇಲ್ಲವಾದರೆ ಒತ್ತಿ ಹುಣ್ಣಾಗುತ್ತದೆ. ಬೆರಳ ಸಂದುಗಳನ್ನು ದಿನವೂ ನೋಡಿ. ಬೀಡಿ, ಸಿಗರೇಟು ಪೂರ್ತಿ ಬಂದ್.

ಇಲ್ಲದ ಪಾದ ಉರಿಯುತ್ತದೆ ಎಂದರೆ ಭ್ರಮೆ ಎನ್ನಬೇಡಿ. ಅದು ನರದ ನೋವು, ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಕಾಲು ಇದೆಯೆಂಬ ಈ ಭಾವನೆಯಿಂದಲೇ ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ನಿಲ್ಲಲು ಹೋಗಿ ಬಿದ್ದು ಹೊಲಿಗೆ ಬಿಟ್ಟುಕೊಳ್ಳುವವರಿದ್ದಾರೆ. ಸಣ್ಣ ದೀಪ ಹಾಕಿಡಿ, ಯೂರಿನ್ ಪಾಟ್ ಕೈಗೆಟಕುವಂತಿರಲಿ.