ಪದೇ ಪದೇ ಶೀತ ಆಗುವ ಓಟಗಾರರ ಗಮನಕ್ಕೆ

ಮಲ್ಪೆ, ಪಣಂಬೂರು ಕಡೆ ಲಾಂಗ್ ರನ್ ಮಾಡುವವರೇ, ಶೀತ ಬರುವುದು ವೈರಸ್ಸಿನಿಂದ. ನಿದ್ದೆಗೇಡು ಮತ್ತು ಖಾಲಿ ಹೊಟ್ಟೆಯ ದೀರ್ಘ ಓಟ ಅದಕ್ಕೆ ದಾರಿ ಮಾಡಿಕೊಡುತ್ತವೆ. ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ. ಅರ್ಧ ಲೀಟರ್ ನೀರಿಗೆ 35 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು ಹಾಕಿದರೆ ಕನಿಷ್ಠ ಪ್ರಮಾಣ ಸಿಕ್ಕಿತು. ಓಟ ಮುಗಿದ ಮೇಲೆ ತಡಮಾಡದೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮೊಟ್ಟೆಯೋ ಮೀನೋ. ಬಾಟಲಿ ಹಂಚಿಕೊಳ್ಳಬೇಡಿ.

ಬರೀ ಮೂಗು ಸೋರುತ್ತಿದ್ದರೆ ನಿಧಾನಕ್ಕೆ 30 ನಿಮಿಷ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಮಾತ್ರ ಓಡಲೇಬೇಡಿ ಮಾರಾಯ್ರೆ! ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಓಡುವುದು ಜೀವಕ್ಕೇ ಅಪಾಯ. ಜ್ವರ ಬಿಟ್ಟ ಮೇಲೂ ಎರಡು-ಮೂರು ದಿನ ನಡಿಗೆಯಷ್ಟೇ ಸಾಕು. ಎದೆನೋವು ಬಂದರೆ, ಎದೆಬಡಿತ ತಪ್ಪಿದಂತಾದರೆ ತಕ್ಷಣ ವೈದ್ಯರಿಗೆ ತೋರಿಸಿ.