ಜೀವಕೋಶದೊಳಗೆ ಫಾಸ್ಫೇಟ್‌ನ ಬೆನ್ನು ಹತ್ತುವುದು ಹೇಗೆ

ನಾನು ಮೊದಲ ಸಲ ಫಾಸ್ಫೋ-ಅರ್ಕ್ ಬ್ಲಾಟ್ (ಅರ್ಕ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಹತ್ತಿದೆಯೇ ಎಂದು ಆಂಟಿಬಾಡಿಯಿಂದ ನೋಡುವ ಪರೀಕ್ಷೆ, ಹತ್ತಿದ್ದರೆ ಬ್ಯಾಂಡ್ ಎಂಬ ಕಪ್ಪು ಗೆರೆ ಕಾಣುತ್ತದೆ) ಮಾಡಿದಾಗ ಸೊನ್ನೆ ನಿಮಿಷದ ಬ್ಯಾಂಡ್ ಐದು ನಿಮಿಷದ ಬ್ಯಾಂಡಿನಷ್ಟೇ ಕಪ್ಪಾಗಿ ಬಂತು. ಸೊನ್ನೆ ಅಂದರೆ ಅರ್ಕ್ ಎಬ್ಬಿಸುವ ಸಂಕೇತ ಏನೂ ಕೊಡದ ಕೋಶಗಳು. ಅಲ್ಲಿ ಹೆಚ್ಚುಕಡಿಮೆ ಏನೂ ಕಾಣಬಾರದು. ಆಂಟಿಬಾಡಿ ಕೆಟ್ಟಿದೆ ಅಂದುಕೊಂಡು ಹೊಸದು ತರಿಸಿದೆ. ಮತ್ತೆ ಅದೇ ಕಪ್ಪು. ಮೂರು ವಾರ ಹೋಯಿತು. ತಪ್ಪು ನನ್ನ ಕೈಯಲ್ಲೇ ಇತ್ತು, ಏನು ಅಂತ ಆಮೇಲೆ ಹೇಳುತ್ತೇನೆ. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಬೆಂಚಿನ ಪಕ್ಕ ನಿಂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂಲ ವಿಷಯ. ಕೈನೇಸ್ ಎಂಬ ಕಿಣ್ವ ಎಟಿಪಿಯ (ಕೋಶದಲ್ಲಿ ಶಕ್ತಿ ಹೊರುವ ಅಣು) ತುದಿಯಲ್ಲಿರುವ ಫಾಸ್ಫೇಟನ್ನು ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಂಟುವ ಜಾಗ ಸಾಮಾನ್ಯವಾಗಿ ಸೆರಿನ್, ಥ್ರಿಯೊನಿನ್ ಅಥವಾ ಟೈರೊಸಿನ್ ಎಂಬ ಅಮೈನೋ ಆಮ್ಲ. ಫಾಸ್ಫಟೇಸ್ ಬಂದು ಅದನ್ನು ಕಿತ್ತು ಹಾಕುತ್ತದೆ. ಫಾಸ್ಫೇಟ್ ಪುಟ್ಟದು, ಆದರೆ ಋಣ ಆವೇಶ ಹೊತ್ತು ಬರುತ್ತದೆ. ಅಷ್ಟು ಸಾಕು. ಪ್ರೋಟೀನಿನ ಒಂದು ಮಡಿಕೆ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಬೇರೊಂದು ಪ್ರೋಟೀನ್ ಬಂದು ಕೂರಲು ಅಲ್ಲಿ ಜಾಗ ಆಗುತ್ತದೆ. ಫಾಸ್ಫೇಟ್ ಹತ್ತಿದ ಟೈರೊಸಿನ್‌ಗೆ ಎಸ್‌ಎಚ್2 ಎಂಬ ತುಂಡು ಇರುವ ಪ್ರೋಟೀನ್‌ಗಳು ಹೀಗೆಯೇ ಬಂದು ಕಚ್ಚಿಕೊಳ್ಳುತ್ತವೆ.

ಇದನ್ನು ಲೈಟಿನ ಸ್ವಿಚ್ಚಿಗೆ ಹೋಲಿಸುವುದು ರೂಢಿ. ನನಗೆ ಆ ಹೋಲಿಕೆ ಇಷ್ಟವಿಲ್ಲ. ಸ್ವಿಚ್ ಒತ್ತಿದರೆ ಹಾಗೇ ಇರುತ್ತದೆ, ಅಲ್ವಾ? ಫಾಸ್ಫೇಟ್ ಹಾಗಲ್ಲ. ತೂತು ಕೊಡಕ್ಕೆ ನೀರು ಹೊಯ್ಯುವುದನ್ನು ನೆನೆಯಿರಿ. ಹೊಯ್ಯುವುದು ಕೈನೇಸ್, ಸೋರುವುದು ಫಾಸ್ಫಟೇಸ್. ನಿಮ್ಮ ಬ್ಲಾಟಿನಲ್ಲಿ ಕಾಣುವುದು ಆ ಕ್ಷಣದ ನೀರಿನ ಮಟ್ಟ, ಅಷ್ಟೇ. ಮಟ್ಟ ಏರಿದ್ದರೆ ಜಾಸ್ತಿ ಹೊಯ್ದಿರಬಹುದು, ತೂತು ಕಟ್ಟಿಕೊಂಡಿರಲೂಬಹುದು.

ಕಲಿಯಲು ನಾನು ಯಾವಾಗಲೂ ಒಂದೇ ದಾರಿ ಕೊಡುತ್ತೇನೆ. ಇಜಿಎಫ್ ಎಂಬ ಬೆಳವಣಿಗೆಯ ಅಂಶ ಕೋಶದ ಹೊರಗಿನ ಗ್ರಾಹಕಕ್ಕೆ ಅಂಟುತ್ತದೆ. ಎರಡು ಗ್ರಾಹಕಗಳು ಜೋಡಿಯಾಗಿ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸಂಕೇತ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತದೆ: ರಾಸ್, ರಾಫ್, ಮೆಕ್, ಕೊನೆಗೆ ಅರ್ಕ್. ರಾಸ್ ಮಾತ್ರ ಫಾಸ್ಫೇಟ್ ಅಂಟಿಸಿಕೊಂಡು ಏಳುವುದಲ್ಲ, ಜಿಡಿಪಿ ಎಂಬ ಪುಟ್ಟ ಅಣುವನ್ನು ಬಿಟ್ಟು ಜಿಟಿಪಿ ಎಂಬುದನ್ನು ಹಿಡಿದು ಏಳುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ರಾಫ್ ಮೆಕ್‌ಗೆ ಫಾಸ್ಫೇಟ್ ಕೊಡುತ್ತದೆ. ಮೆಕ್ ಅರ್ಕ್‌ಗೆ ಎರಡು ಕೊಡುತ್ತದೆ, ಒಂದು ಥ್ರಿಯೊನಿನ್ ಮೇಲೆ, ಒಂದು ಟೈರೊಸಿನ್ ಮೇಲೆ. ಎರಡೂ ಕೂತರೆ ಮಾತ್ರ ಅರ್ಕ್ ಪೂರ್ತಿ ಎಚ್ಚರ. ಆಮೇಲೆ ಅದು ನ್ಯೂಕ್ಲಿಯಸ್ಸಿಗೂ ನುಗ್ಗಿ ಜೀನ್‌ಗಳ ಕೆಲಸ ಬದಲಿಸುತ್ತದೆ.

ಈಗ ಕೈಕೆಲಸ. ಹಿಂದಿನ ರಾತ್ರಿಯೇ ಕೋಶಗಳಿಗೆ ಸೀರಮ್ (ಅವು ಬೆಳೆಯಲೆಂದು ಬೆರೆಸುವ, ರಕ್ತದಿಂದ ತೆಗೆದ ದ್ರವ) ನಿಲ್ಲಿಸಿ. ಸೀರಮ್‌ನಲ್ಲಿ ಬೆಳವಣಿಗೆಯ ಅಂಶಗಳು ತುಂಬಿರುತ್ತವೆ, ಅದಿದ್ದರೆ ಕೊಡ ಮೊದಲೇ ತುಂಬಿರುತ್ತದೆ. ಬೆಳಿಗ್ಗೆ ಇಜಿಎಫ್ ಹಾಕಿ 0, 2, 5, 10, 30, 60 ನಿಮಿಷಕ್ಕೆ ಒಂದೊಂದು ಡಿಶ್ ನಿಲ್ಲಿಸಿ. ಸುಮ್ನೆ ಒಂದೇ ಸಮಯ ತೆಗೆದುಕೊಂಡು "ಫಾಸ್ಫೇಟ್ ಹತ್ತಲಿಲ್ಲ" ಅನ್ನಬೇಡಿ. ಅರ್ಕ್ ಎಷ್ಟೋ ಕೋಶಗಳಲ್ಲಿ ಐದು-ಹತ್ತು ನಿಮಿಷಕ್ಕೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಒಂದು ಗಂಟೆಗೆ ನೋಡಿದವರಿಗೆ ಏನೂ ನಡೆದೇ ಇಲ್ಲ ಅನಿಸಬಹುದು.

ನನ್ನ ತಪ್ಪು ಏನು ಗೊತ್ತಾ? ಸೊನ್ನೆ ಡಿಶ್‌ನ ಮೀಡಿಯಂ (ಕೋಶಗಳು ಬೆಳೆಯುವ ದ್ರವ) ಹಳತಾಗಿದೆ ಅಂತ ಪ್ರೀತಿಯಿಂದ ಹೊಸ ಮೀಡಿಯಂ ಹಾಕಿ, ಬೆಂಚಿನ ಮೇಲೆ ಹತ್ತು ನಿಮಿಷ ಬಿಟ್ಟಿದ್ದೆ. ಮೀಡಿಯಂ ಬದಲಿಸಿದ್ದೇ, ಅಲುಗಾಡಿಸಿದ್ದೇ ಅರ್ಕ್‌ಗೆ ಸಾಕಾಗಿತ್ತು. ಈಗ ಸೊನ್ನೆ ಡಿಶ್‌ಗೂ ಉಳಿದವುಗಳಷ್ಟೇ ದ್ರಾವಣ ಹಾಕುತ್ತೇನೆ, ಇಜಿಎಫ್ ಒಂದು ಬಿಟ್ಟು. ಎಲ್ಲವನ್ನೂ ಒಂದೇ ಹೊತ್ತಿಗೆ ನಿಲ್ಲಿಸುವ ಹಾಗೆ 60 ನಿಮಿಷದ್ದಕ್ಕೆ ಮೊದಲು, 2 ನಿಮಿಷದ್ದಕ್ಕೆ ಕೊನೆಗೆ ಇಜಿಎಫ್ ಕೊಡುತ್ತೇನೆ.

ಇಂಥ ಪೆಟ್ಟು ತಿಂದವಳು ನಾನೊಬ್ಬಳೇ ಅಲ್ಲ ಅನ್ನುವುದು ಸಮಾಧಾನ. 1950ರ ದಶಕದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಸ್ನಾಯುವಿನಿಂದ ಫಾಸ್ಫೊರಿಲೇಸ್ ಕಿಣ್ವ ತೆಗೆಯುತ್ತಿದ್ದರು. ಸೋಸುವ ಕಾಗದದಲ್ಲಿ ಸೋಸಿದರೆ ಕಿಣ್ವ ಚುರುಕಾದ ರೂಪದಲ್ಲಿ ಸಿಗುತ್ತಿತ್ತು. ಕಾಗದ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿದರೆ ಮಂಕು ರೂಪ. ಕಾಗದದಲ್ಲಿದ್ದ ಚೂರು ಕ್ಯಾಲ್ಸಿಯಂ ಕೈನೇಸನ್ನು ಎಬ್ಬಿಸುತ್ತಿತ್ತು! ಆ ಜಾಡು ಹಿಡಿದು ಹೋದವರಿಗೆ 1992ರಲ್ಲಿ ನೊಬೆಲ್ ಬಂತು. ಟೋನಿ ಹಂಟರ್ ಕಥೆಯೂ ಹೀಗೆಯೇ. 1979ರಲ್ಲಿ ಅವರು ಫಾಸ್ಫೇಟ್ ಹೊತ್ತ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವಾಗ ಹಳೆಯ ಬಫರನ್ನೇ (ಪಿಎಚ್ ಕಾಯುವ ದ್ರಾವಣ) ಮತ್ತೆ ಬಳಸಿದರು. ಅದರ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಅದರಿಂದಲೇ ಥ್ರಿಯೊನಿನ್ ಚುಕ್ಕೆಯಿಂದ ಬೇರೆಯಾದ ಹೊಸ ಚುಕ್ಕೆ ಕಂಡಿತು. ಅದು ಫಾಸ್ಫೇಟ್ ಹೊತ್ತ ಟೈರೊಸಿನ್. ಹಾಗಂತ ನೀವು ಹಳೆಯ ಬಫರ್ ಬಳಸಬೇಡಿ.

ಡಿಶ್ ನಿಲ್ಲಿಸುವುದು ಅಂದರೆ ಐಸ್ ಮೇಲೆ ಇಟ್ಟು, ತಣ್ಣಗಿನ ಬಫರಿನಲ್ಲಿ ತೊಳೆದು, ಕೂಡಲೇ ಕೋಶ ಒಡೆಯುವುದು. ಒಡೆದ ಕೂಡಲೇ ಎಲ್ಲ ಫಾಸ್ಫಟೇಸ್‌ಗಳೂ ಬಿಡುಗಡೆಯಾಗುತ್ತವೆ. ತೂತು ಮುಚ್ಚದಿದ್ದರೆ ಐದು ನಿಮಿಷದ ಸತ್ಯ ನಿಮ್ಮ ಟ್ಯೂಬಿನಲ್ಲೇ ಸೋರಿ ಹೋಗುತ್ತದೆ. ತೂತು ಮುಚ್ಚಲು ಬಫರಿಗೆ ಫಾಸ್ಫಟೇಸ್ ತಡೆಗಳನ್ನು ಹಾಕಿ: ಸೆರಿನ್, ಥ್ರಿಯೊನಿನ್ ಕಡೆಗೆ ಸೋಡಿಯಂ ಫ್ಲೋರೈಡ್ ಮತ್ತು ಬೀಟಾ-ಗ್ಲಿಸರೋಫಾಸ್ಫೇಟ್. ಟೈರೊಸಿನ್ ಕಡೆಗೆ ಸೋಡಿಯಂ ಆರ್ಥೋವ್ಯಾನಡೇಟ್. ವ್ಯಾನಡೇಟನ್ನು ಪುಡಿಯಿಂದ ಕರಗಿಸಿ ಹಾಗೇ ಹಾಕಬೇಡಿ. ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಹೋಗುವ ತನಕ ಕುದಿಸಿ, ಆರಿಸಿ, ಮತ್ತೆ ಪಿಎಚ್ ನೋಡಿ. ಬಣ್ಣ ಮರಳಿ ಬಾರದ ತನಕ ಇದನ್ನೇ ಮಾಡಿ. ಬಫರಿನಲ್ಲಿ ಡಿಟಿಟಿ, ಇಡಿಟಿಎ ಎಂಬ ರಾಸಾಯನಿಕಗಳು ಜಾಸ್ತಿ ಇದ್ದರೆ ವ್ಯಾನಡೇಟ್ ಕೆಲಸ ಕೆಡುತ್ತದೆ.

ಜೆಲ್ ಓಡಿಸುವುದು ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದ ಹಾಗೆ ಮೆಂಬ್ರೇನ್ ಬ್ಲಾಕ್ ಮಾಡಲು ನಾನು ಹಾಲಿನ ಪುಡಿ ಬಿಟ್ಟು, ಹಸುವಿನ ರಕ್ತದ ಪ್ರೋಟೀನ್ ಆದ ಬಿಎಸ್‌ಎ ಬಳಸುತ್ತೇನೆ. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಹಾಲಿನಲ್ಲೇ ಚೆನ್ನಾಗಿ ಮಾಡುವವರೂ ಇದ್ದಾರೆ, ಅವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ.

ಫಲಿತಾಂಶ ಓದುವಾಗ 42 ಮತ್ತು 44 ಕಿಲೊಡಾಲ್ಟನ್‌ನಲ್ಲಿ ಎರಡು ಬ್ಯಾಂಡ್ ಹುಡುಕಿ. ಅವು ಅರ್ಕ್2 ಮತ್ತು ಅರ್ಕ್1. ಪಕ್ಕದಲ್ಲಿ ಒಟ್ಟು ಅರ್ಕ್ ಬ್ಲಾಟ್ ಇರಲೇಬೇಕು. ಅದಿಲ್ಲದೆ ಕಪ್ಪಾಗಿದ್ದು ಫಾಸ್ಫೇಟ್ ಏರಿದ್ದಕ್ಕೋ, ಪ್ರೋಟೀನ್ ಜಾಸ್ತಿ ಹಾಕಿದ್ದಕ್ಕೋ ಹೇಳಲಾಗದು.

ಇನ್ನೊಂದು. "ಫಾಸ್ಫೇಟ್ ಬಂತು, ಅಂದರೆ ಚಾಲೂ ಆಯಿತು" ಎಂಬ ಲೆಕ್ಕ ಅರ್ಕ್‌ಗೆ ಸರಿ, ಎಲ್ಲದಕ್ಕೂ ಅಲ್ಲ. ಸಾರ್ಕ್ ಕೈನೇಸಿನ ಬಾಲದ ಟೈರೊಸಿನ್‌ಗೆ ಫಾಸ್ಫೇಟ್ ಬಂದರೆ ಅದು ತನ್ನ ಬಾಲವನ್ನೇ ಕಚ್ಚಿಕೊಂಡು ಮಲಗುತ್ತದೆ. ಇನ್ಸುಲಿನ್ ಬಂದಾಗ ಎಕೆಟಿ ಎಂಬ ಕೈನೇಸ್ ಹೋಗಿ ಇನ್ನೊಂದು ಕೈನೇಸ್ ಆದ ಜಿಎಸ್‌ಕೆ3 ಬೀಟಾದ ಸೆರಿನ್ 9ಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ಸುಮ್ಮನಾಗಿಸುತ್ತದೆ. ಯಾವ ಜಾಗ ಅಂತ ಕೇಳದೆ ಬಾಣದ ಗುರುತು ಬರೆಯಬೇಡಿ.

ಎಷ್ಟು ಹೊತ್ತು ಅಂತಲೂ ಕೇಳಿ. ಇಲಿಯ ಗಡ್ಡೆಯಿಂದ ಬಂದ ಪಿಸಿ12 ಕೋಶಗಳಿಗೆ ಇಜಿಎಫ್ ಕೊಟ್ಟರೆ ಅರ್ಕ್ ಒಮ್ಮೆ ಏರಿ ಇಳಿಯುತ್ತದೆ, ಕೋಶಗಳು ಹೆಚ್ಚುತ್ತವೆ. ಎನ್‌ಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಅಂಶ ಕೊಟ್ಟರೆ ಅದೇ ಅರ್ಕ್ ಗಂಟೆಗಟ್ಟಲೆ ಏರಿಯೇ ಇರುತ್ತದೆ, ಕೋಶಗಳು ನರಕೋಶದ ಹಾಗೆ ಎಳೆ ಚಾಚುತ್ತವೆ. ಪ್ರೋಟೀನ್ ಒಂದೇ, ಹೊತ್ತು ಬೇರೆ.

ಬ್ಯಾಂಡ್ ನಿಜವೇ ಎಂಬ ಅನುಮಾನ ಬಂದರೆ, ತಡೆಗಳನ್ನು ಹಾಕದ ಸ್ಯಾಂಪಲ್ ಒಂದಕ್ಕೆ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ ನೋಡಿ. ಫಾಸ್ಫೋ ಬ್ಯಾಂಡ್ ಮಾಯವಾಗಬೇಕು, ಒಟ್ಟು ಅರ್ಕ್ ಹಾಗೇ ಉಳಿಯಬೇಕು. ಫಾಸ್ಫೇಟ್ ಕೊಟ್ಟಿದ್ದು ಮೆಕ್ ಹೌದೇ ಅಂತ ತಿಳಿಯಲು ಇಜಿಎಫ್‌ಗೆ ಮುಂಚೆಯೇ ಟ್ರಮೆಟಿನಿಬ್‌ನಂಥ ಮೆಕ್ ತಡೆ ಕೊಡಿ.

ಅದೇ ತಡೆಯಿಂದ ನನಗೆ ಅತಿ ಇಷ್ಟದ ಪ್ರಯೋಗವೂ ಆಗುತ್ತದೆ. ಐದನೇ ನಿಮಿಷ, ಅರ್ಕ್ ತುದಿಯಲ್ಲಿರುವಾಗ ಅದನ್ನು ಹಾಕಿ. ನೀರು ಹೊಯ್ಯುವುದು ನಿಂತಿತು. ಈಗ ನಿಮಿಷಕ್ಕೊಂದು ಡಿಶ್ ನಿಲ್ಲಿಸುತ್ತಾ ಹೋದರೆ ಬ್ಯಾಂಡ್ ಮಂಕಾಗುವ ವೇಗದಲ್ಲಿ ತೂತು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ತಡೆ ಕರಗಿರುವುದು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ. ಅಷ್ಟೇ ಡಿಎಂಎಸ್‌ಒ ಉಳಿದ ಡಿಶ್‌ಗಳಿಗೂ ಹಾಕಿ, ಸೊನ್ನೆಯದಕ್ಕೂ.