ಸಿಮೆಂಟ್ ನಾಯಿಯ ಬಣ್ಣ ಕಿತ್ತು ಬರುವುದು ಹೇಗೆ ನಿಂತಿತು

ತಂತಿ ಬಲೆಗೆ ಸಿಮೆಂಟ್ ಗಾರೆ ಮೆತ್ತಿ ತೋಟಕ್ಕೊಂದು ನಾಯಿ ಮಾಡಿದ್ದೆ. ಒಂದು ಕಿವಿ ಸ್ವಲ್ಪ ಸೊಟ್ಟ. ಇರಲಿ, ನಮ್ಮ ನಾಯಿಯದೂ ಹಾಗೇ ಇತ್ತು. ಆತುರ ತಡೆಯದೆ ಐದೇ ದಿನಕ್ಕೆ ಆಯಿಲ್ ಪೇಂಟ್ ಬಳಿದೆ. ಮೊದಲ ಮಳೆಗಾಲದಲ್ಲೇ ಹೊಟ್ಟೆಯ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಹಾವಿನ ಪೊರೆಯಂತೆ ಕಿತ್ತು ಬರುತ್ತಿತ್ತು, ಅಡಿಯಲ್ಲಿ ಬಿಳಿ ಪುಡಿ.

ಪೇಂಟ್ ಕಳಪೆ ಎಂದು ಬೈದುಕೊಂಡು ಇನ್ನೊಂದು ಕೋಟ್ ಹೊಡೆದೆ. ಅದೂ ಎದ್ದಿತು. ತಪ್ಪು ನನ್ನದೇ. ಹಸಿ ಸಿಮೆಂಟಿನ ಪಿಎಚ್ 12ರಿಂದ 13, ಅಂದರೆ ತೀರಾ ಕ್ಷಾರ. ಆ ಕ್ಷಾರ ಪೇಂಟಿನ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ. ಬಿಳಿ ಪುಡಿ ಒಳಗಿನ ನೀರು ಹೊತ್ತು ತಂದ ಸುಣ್ಣ.

ಬಣ್ಣವನ್ನೆಲ್ಲ ತಂತಿ ಬ್ರಷ್‌ನಿಂದ ಕೆರೆದೆ, ಕಣ್ಣಿನ ಸುತ್ತ ಹಳೇ ಟೂತ್‌ಬ್ರಷ್ ಬೇಕಾಯಿತು. ನೀರು ಬೆರೆಸಿದ ವಿನೆಗರ್‌ನಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು ಒಣಗಲು ಬಿಟ್ಟೆ. (ಹೊಸ ಮೂರ್ತಿಯಾದರೆ 28 ದಿನ ಕಾಯಿರಿ.) ತೇವ ಉಳಿದಿದೆಯೋ ನೋಡಲು ಬೆನ್ನಿಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಾಳೆಯೊಳಗೆ ಸಣ್ಣ ಸಣ್ಣ ಹನಿ! ಇನ್ನೊಂದು ವಾರ ಕಾದೆ. ಆಮೇಲೆ ಕ್ಷಾರ ತಡೆಯುವ ಪ್ರೈಮರ್, ಅದರ ಮೇಲೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ (ಎಣ್ಣೆಯದಲ್ಲ, ನೀರಿನ ಪೇಂಟ್), ತೆಳುವಾಗಿ ಎರಡು ಕೋಟ್. ತಳಕ್ಕೆ ಬಣ್ಣ ಹಾಕಲಿಲ್ಲ, ಒಳಗಿನ ತೇವಕ್ಕೆ ಒಂದು ದಾರಿ ಇರಲೆಂದು. ಮಣ್ಣಿನ ನೀರು ಏರದಂತೆ ಮೂರು ಚಪ್ಪಟೆ ಕಲ್ಲಿನ ಮೇಲೆ ಕೂರಿಸಿದೆ.

ಎರಡು ಮಳೆಗಾಲ ಕಳೆದರೂ ಗುಳ್ಳೆ ಎದ್ದಿಲ್ಲ. ಮೂಗಿನ ಕಪ್ಪು ಮಾತ್ರ ಸವೆದಿದೆ. ಬಂದವರೆಲ್ಲ ಅದನ್ನೇ ಸವರುತ್ತಾರೆ.